ಮುಂದಿನ ನಾಲ್ಕು ವರ್ಷಕ್ಕೆ ಯಾವ ಪ್ರೋಗ್ರಾಮಿಂಗ್ ಭಾಷೆ, ಯಾವ ಕ್ರಮದಲ್ಲಿ, ಎಷ್ಟು ಗಂಟೆ

ಇಂಜಿನಿಯರಿಂಗ್ ಮೂರನೇ ವರ್ಷದವರ ರೆಸ್ಯೂಮೆಯಲ್ಲಿ ಎಂಟು ಭಾಷೆಗಳ ಹೆಸರು ಇರುವುದು ಈಗ ಮಾಮೂಲು. ಸಿ, ಸಿ ಪ್ಲಸ್ ಪ್ಲಸ್, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್, ಜೊತೆಗೆ ಆ ವರ್ಷ ಯೂಟ್ಯೂಬಿನಲ್ಲಿ ಜೋರಾಗಿ ಓಡಿದ ಇನ್ನೆರಡು. "ಇವುಗಳಲ್ಲಿ ನಿಮಗೆ ಇಷ್ಟವಾದದ್ದರಲ್ಲಿ ಒಂದು ಫೈಲ್ ಓದಿ, ಅದರಲ್ಲಿರುವ ಪದಗಳನ್ನು ಎಣಿಸಿ ತೋರಿಸಿ" ಎಂದರೆ ಮಾತ್ರ ಕೈ ನಿಂತುಬಿಡುತ್ತದೆ. ಎಂಟೂ ಭಾಷೆಗಳಲ್ಲಿ ಕಲಿತದ್ದು ಅದೇ ಮೊದಲ ಮೂರು ಅಧ್ಯಾಯ: ವೇರಿಯಬಲ್, ಇಫ್, ಲೂಪ್.

ಹಾಗಾಗಿ ಭಾಷೆಗಳ ಪಟ್ಟಿ ಮಾಡುವ ಮೊದಲು ಗಂಟೆಗಳ ಲೆಕ್ಕ ಹಾಕಿ. ಕಾಲೇಜು ಅಥವಾ ಕೆಲಸದ ಜೊತೆಗೆ ನಾಲ್ಕು ವರ್ಷದಲ್ಲಿ ನಾಲ್ಕು ಭಾಷೆ ಸಾಕು, ಅದಕ್ಕಿಂತ ಹೆಚ್ಚು ಹಿಡಿಯುವುದೂ ಇಲ್ಲ. ಕೆಲಸಕ್ಕೆಂದು ಒಂದನ್ನು ಆಳವಾಗಿ ಕಲಿಯಬೇಕು. ಎಸ್‌ಕ್ಯೂಎಲ್ ಅನ್ನು ಗಟ್ಟಿಯಾಗಿ ಕಲಿಯಬೇಕು. ಮೆಮೊರಿಯನ್ನು ನೇರವಾಗಿ ಮುಟ್ಟಿಸುವ ಭಾಷೆಯೊಂದು, ಯೋಚಿಸುವ ರೀತಿಯನ್ನೇ ಬದಲಿಸುವ ಭಾಷೆಯೊಂದು ಇರಬೇಕು. ಉಳಿದವು ಕೆಲಸ ಬಂದಾಗ ಬರುತ್ತವೆ, ಆಗ ಬೇಗ ಬರುತ್ತವೆ.

ಈಗ ಏನು ಬರುತ್ತದೆ ಎಂದು ನೋಡಿಕೊಳ್ಳಿ

ಬರುತ್ತದೆ ಎಂದುಕೊಂಡಿರುವ ಪ್ರತಿ ಭಾಷೆಗೂ 90 ನಿಮಿಷದ ಒಂದು ಪರೀಕ್ಷೆ ಕೊಟ್ಟುಕೊಳ್ಳಿ. ಖಾಲಿ ಫೋಲ್ಡರಿನಿಂದ ಶುರು ಮಾಡಬೇಕು. ಆ ಭಾಷೆಯ ಅಧಿಕೃತ ಡಾಕ್ಯುಮೆಂಟೇಶನ್ ಬಿಟ್ಟು ಬೇರೇನೂ ತೆರೆಯುವಂತಿಲ್ಲ, ಎಐ ಸಹಾಯವೂ ಇಲ್ಲ. ಸಾವಿರ ಸಾಲಿನ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಒಂದು ಸಿಎಸ್‌ವಿ ಫೈಲ್ ಓದಿ, ಒಂದು ಕಾಲಂ ಪ್ರಕಾರ ಗುಂಪು ಮಾಡಿ ಮೊತ್ತ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಜೇಸನ್ ಎಂಬ ಡೇಟಾ ರೂಪದಲ್ಲಿ ಬರೆಯಿರಿ. ಫೈಲ್ ಇಲ್ಲದಿದ್ದರೆ, ಅಥವಾ ಮಧ್ಯದ ಒಂದು ಸಾಲು ಕೆಟ್ಟಿದ್ದರೆ, ಪ್ರೋಗ್ರಾಂ ಬಿದ್ದುಹೋಗದೆ ಅರ್ಥವಾಗುವ ಸಂದೇಶ ಕೊಡಬೇಕು. ಕೊನೆಗೆ ಎರಡು ಟೆಸ್ಟ್ ಬರೆದು ಓಡಿಸಿ.

ಒಂದೂವರೆ ಗಂಟೆಯಲ್ಲಿ ಮುಗಿದರೆ ಆ ಭಾಷೆ ನಿಮಗೆ ಬರುತ್ತದೆ. ಮೂರು ಗಂಟೆ ಹಿಡಿದರೆ ಹಿಂದೊಮ್ಮೆ ಬರುತ್ತಿತ್ತು, ಹತ್ತಿಪ್ಪತ್ತು ಗಂಟೆಯಲ್ಲಿ ಮತ್ತೆ ಕೈಗೆ ಬರುತ್ತದೆ. ಮುಗಿಯಲೇ ಇಲ್ಲವೆಂದರೆ ರೆಸ್ಯೂಮೆಯಿಂದ ಇವತ್ತೇ ತೆಗೆಯಿರಿ. ಹೆಚ್ಚಿನವರ ಪಟ್ಟಿ ಇಲ್ಲಿ ಎಂಟರಿಂದ ಒಂದಕ್ಕೆ ಇಳಿಯುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಯೋಜನೆಗೆ ಬೇಕಾದ್ದು ಆ ಒಂದರ ಹೆಸರೇ.

ಗಂಟೆಗಳ ಲೆಕ್ಕ

ವಾರದಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆ, ಭಾನುವಾರ ಎರಡು ಗಂಟೆ ಎಂದರೆ ವಾರಕ್ಕೆ ಐದು ಗಂಟೆ. ವರ್ಷದ 52 ವಾರದಲ್ಲಿ ಪರೀಕ್ಷೆ, ಹಬ್ಬ, ಮದುವೆ, ಜ್ವರ, ಆಫೀಸಿನ ರಿಲೀಸ್ ಇವೆಲ್ಲ ಕಳೆದು 40 ವಾರ ಹಿಡಿಯಿರಿ. ವರ್ಷಕ್ಕೆ 200 ಗಂಟೆ, ನಾಲ್ಕು ವರ್ಷಕ್ಕೆ 800. ಇದಕ್ಕಿಂತ ಹೆಚ್ಚು ಬರೆದುಕೊಂಡರೆ ಆರನೇ ವಾರಕ್ಕೇ ಹಿಂದೆ ಬೀಳುತ್ತೀರಿ, ಹಿಂದೆ ಬಿದ್ದ ಯೋಜನೆಯನ್ನು ಯಾರೂ ಮುಂದುವರಿಸುವುದಿಲ್ಲ.

ನಾವು ಸೂಚಿಸುವ ಹಂಚಿಕೆ: ಕೆಲಸದ ಭಾಷೆಗೆ 350, ಎಸ್‌ಕ್ಯೂಎಲ್ ಮತ್ತು ಡೇಟಾಬೇಸಿಗೆ 100, ಮೆಮೊರಿ ಕಲಿಸುವ ಭಾಷೆಗೆ 120, ಯೋಚನೆ ಬದಲಿಸುವ ಭಾಷೆಗೆ 80. ಉಳಿದ 150 ಗಂಟೆ ಲಿನಕ್ಸ್ ಕಮಾಂಡ್‌ಲೈನ್, ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ), ಮರೆತದ್ದನ್ನು ಮತ್ತೆ ರೂಢಿ ಮಾಡಿಕೊಳ್ಳುವುದು, ಅನಿರೀಕ್ಷಿತವಾಗಿ ಬಂದದ್ದು, ಇವಕ್ಕೆ. ಒಂದೇ ಭಾಷೆಗೆ 350 ಗಂಟೆ ಜಾಸ್ತಿಯಾಯಿತು ಅನ್ನಿಸಬಹುದು. ಮೊದಲ 60 ಗಂಟೆಯಲ್ಲಿ ಸಿಂಟ್ಯಾಕ್ಸ್ ಕೂರುತ್ತದೆ. ದೊಡ್ಡ ಪ್ರೋಗ್ರಾಮನ್ನು ಹೇಗೆ ಒಡೆಯುವುದು, ತಪ್ಪನ್ನು ಎಲ್ಲಿ ಹುಡುಕುವುದು, ಬೇರೆಯವರ ಕೋಡ್ ಹೇಗೆ ಓದುವುದು ಎಂಬುದೆಲ್ಲ ಆಮೇಲೆ ಬರುತ್ತದೆ. ಅದನ್ನು ಒಂದು ಭಾಷೆಯಲ್ಲಿ ಕಲಿತರೆ ಎಲ್ಲ ಭಾಷೆಗೂ ಕಲಿತ ಹಾಗೆ.

ಕೆಲಸದ ಭಾಷೆಯ ಆಯ್ಕೆ

ಜನಪ್ರಿಯತೆಯ ಪಟ್ಟಿಗಳನ್ನು ನೋಡಿ ಆರಿಸಬೇಡಿ. ಅವು ಅಳೆಯುವುದು ಬೇರೆಯೇ ಸಂಗತಿ. ಟಿಯೋಬಿ ಸೂಚ್ಯಂಕ ಸರ್ಚ್ ಎಂಜಿನ್‌ಗಳಲ್ಲಿ ಭಾಷೆಯ ಹೆಸರು ಎಷ್ಟು ಸಿಗುತ್ತದೆ ಎಂದು ಎಣಿಸುತ್ತದೆ. ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಗೆ ಉತ್ತರಿಸುವವರು ತಾವಾಗಿ ಮುಂದೆ ಬಂದವರು. ನಿಮ್ಮ ಊರಿನಲ್ಲಿ, ನಿಮ್ಮ ಅನುಭವಕ್ಕೆ, ನಿಮಗೆ ಬೇಕಾದ ಕೆಲಸಕ್ಕೆ ಏನು ಕೇಳುತ್ತಾರೆ ಎನ್ನುವುದು ಎರಡರಲ್ಲೂ ಇಲ್ಲ.

ಅದನ್ನು ನೀವೇ ಎಣಿಸಬಹುದು, ಎರಡು ಸಂಜೆ ಸಾಕು. ನೌಕ್ರಿ ಅಥವಾ ಲಿಂಕ್ಡ್‌ಇನ್‌ನಲ್ಲಿ ನಿಮಗೆ ಬೇಕಾದ ಹುದ್ದೆ, ಊರು, ಅನುಭವದ ವರ್ಷ ಹಾಕಿ 40 ಜಾಹೀರಾತು ತೆರೆಯಿರಿ. ಸ್ಪ್ರೆಡ್‌ಶೀಟಿನಲ್ಲಿ ಮೂರು ಕಾಲಂ ಇರಲಿ: ಕಡ್ಡಾಯ ಎಂದದ್ದು, ಇದ್ದರೆ ಒಳ್ಳೆಯದು ಎಂದದ್ದು, ಸುಮ್ಮನೆ ಪಟ್ಟಿಯಲ್ಲಿ ತುರುಕಿದ್ದು. ಮೊದಲ ಕಾಲಂ ಮಾತ್ರ ಲೆಕ್ಕಕ್ಕೆ. ಒಂದೇ ಜಾಹೀರಾತನ್ನು ನಾಲ್ಕು ಏಜೆನ್ಸಿಗಳು ಹಾಕಿರುತ್ತವೆ, ಒಂದಾಗಿ ಎಣಿಸಿ. ಬೆಂಗಳೂರಿನ ಬ್ಯಾಂಕಿಂಗ್ ಮತ್ತು ವಿಮಾ ಬ್ಯಾಕೆಂಡ್ (ಸರ್ವರ್ ಬದಿಯ) ಕೆಲಸಕ್ಕೆ ಹೀಗೆ ಎಣಿಸಿದರೆ ಜಾವಾ ಎದ್ದು ಕಾಣುತ್ತದೆ. ಡೇಟಾ ಮತ್ತು ಮಷಿನ್ ಲರ್ನಿಂಗ್‌ಗೆ ಪೈಥಾನ್. ವೆಬ್ ಮುಂಭಾಗಕ್ಕೆ ಟೈಪ್‌ಸ್ಕ್ರಿಪ್ಟ್. ಆಂಡ್ರಾಯ್ಡ್‌ಗೆ ಕಾಟ್ಲಿನ್, ಐಫೋನಿಗೆ ಸ್ವಿಫ್ಟ್. ಕ್ಲೌಡ್ ಸಲಕರಣೆಗಳಿಗೆ ಗೋ. ವಾಹನ, ಚಿಪ್, ಮೀಟರ್ ತಯಾರಿಸುವ ಕಡೆ ಸಿ ಮತ್ತು ಸಿ ಪ್ಲಸ್ ಪ್ಲಸ್. ಯಾವ ದಿಕ್ಕು ಎಂದು ಇನ್ನೂ ಗೊತ್ತಿಲ್ಲದವರು ಪೈಥಾನ್ ಹಿಡಿಯಲಿ, ಆರು ತಿಂಗಳ ನಂತರ ಮತ್ತೆ ಎಣಿಸಲಿ.

ಆರಿಸುವ ಮೊದಲು ಆ ಭಾಷೆ ಹಳೆಯ ಕೋಡನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದೂ ನೋಡಿ. ಪೈಥಾನ್ 3 ಬಂದದ್ದು 2008ರಲ್ಲಿ, ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ನಡುವಿನ ಹನ್ನೊಂದು ವರ್ಷ ಎರಡೂ ಒಟ್ಟಿಗೇ ನಡೆದು ಎಷ್ಟೋ ತಂಡಗಳನ್ನು ಸುಸ್ತು ಮಾಡಿದವು. ಗೋ ಭಾಷೆ 2012ರಲ್ಲಿ ಮೊದಲ ಆವೃತ್ತಿ ಹೊರಡಿಸುವಾಗಲೇ ಹಳೆಯ ಕೋಡ್ ಮುರಿಯುವುದಿಲ್ಲ ಎಂದು ಮಾತು ಕೊಟ್ಟಿತು. ಜಾವಾದಲ್ಲಿ ದೀರ್ಘ ಬೆಂಬಲದ ಆವೃತ್ತಿಗಳು ಮೊದಲೇ ಗೊತ್ತಾಗಿರುತ್ತವೆ: 8, 11, 17, 21, 25. ರಸ್ಟ್ ಮೂರು ವರ್ಷಕ್ಕೊಮ್ಮೆ ಹೊಸ ಎಡಿಶನ್ ತಂದರೂ ಹಳೆಯ ಎಡಿಶನ್ನಿನ ಕೋಡ್ ಹೊಸ ಕಂಪೈಲರಿನಲ್ಲಿ ಓಡುತ್ತದೆ.

ಒಂದೇ ಕಂಪನಿ, ಒಂದೇ ವೇದಿಕೆಯನ್ನು ನಂಬಿಕೊಂಡ ಭಾಷೆಗಳ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ನಿಂತಾಗ ಆಕ್ಷನ್‌ಸ್ಕ್ರಿಪ್ಟ್ ಬಲ್ಲವರ ಕೆಲಸವೂ ಅದರ ಜೊತೆಗೇ ಹೋಯಿತು. 2014ರಲ್ಲಿ ಆಪಲ್ ಸ್ವಿಫ್ಟ್ ತಂದ ಮೇಲೆ ಆಬ್ಜೆಕ್ಟಿವ್ ಸಿ ನಿಧಾನಕ್ಕೆ ಬದಿಗೆ ಸರಿಯಿತು. 2017ರಲ್ಲಿ ಗೂಗಲ್ ಕಾಟ್ಲಿನ್‌ಗೆ ಬೆಂಬಲ ಘೋಷಿಸಿ, 2019ರಲ್ಲಿ ಅದನ್ನೇ ಮೊದಲ ಆಯ್ಕೆ ಎಂದ ಮೇಲೆ ಆಂಡ್ರಾಯ್ಡ್‌ನಲ್ಲಿ ಜಾವಾಕ್ಕೂ ಹಾಗೇ ಆಯಿತು. ಮೊಬೈಲ್ ದಾರಿ ಹಿಡಿಯುವವರು ಹತ್ತು ವರ್ಷಕ್ಕೊಮ್ಮೆ ಇಂಥ ಬದಲಾವಣೆಗೆ ತಯಾರಿರಬೇಕು. ಎಸ್‌ಕ್ಯೂಎಲ್ ಕಲಿಯುವವರಿಗೆ ಆ ಚಿಂತೆ ಇಲ್ಲ: 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, 1986ರಲ್ಲಿ ಅಧಿಕೃತ ಮಾನದಂಡವಾದ ಭಾಷೆ ಇವತ್ತಿಗೂ ಪ್ರತಿ ಕಚೇರಿಯಲ್ಲೂ ಓಡುತ್ತಿದೆ.

ಒಂದು ನಿಜವಾದ ಯೋಜನೆ, ವರ್ಷದ ಪ್ರಕಾರ

ಐದನೇ ಸೆಮಿಸ್ಟರಿನ ವಿದ್ಯಾರ್ಥಿ ಎಂದುಕೊಳ್ಳಿ. ಮೊದಲ ವರ್ಷ ಸಿ ಪಾಸಾಗಿದೆ, ಪೈಥಾನ್ ಅಲ್ಪಸ್ವಲ್ಪ ಗೊತ್ತು, ಬೆಂಗಳೂರಿನಲ್ಲಿ ಬ್ಯಾಕೆಂಡ್ ಕೆಲಸ ಬೇಕು. 40 ಜಾಹೀರಾತು ಎಣಿಸಿದಾಗ ಜಾವಾ ಬಂತು.

ಮೊದಲ ವರ್ಷ ಜಾವಾಕ್ಕೆ 140 ಗಂಟೆ, ಎಸ್‌ಕ್ಯೂಎಲ್‌ಗೆ 40, ಗಿಟ್ ಮತ್ತು ಲಿನಕ್ಸಿಗೆ 20. ಆವೃತ್ತಿ 21 ಅಥವಾ 25 ಹಾಕಿಕೊಳ್ಳಿ. ಹಳೆಯ ನೋಟ್ಸಿನಲ್ಲಿ 8 ಇದ್ದರೆ ಅದು 2014ರದು. ಮೊದಲ 80 ಗಂಟೆ ಜಾವಾದಲ್ಲಿ ವೆಬ್ ಸೇವೆ ಕಟ್ಟಲು ಸಿದ್ಧ ಚೌಕಟ್ಟು (ಫ್ರೇಮ್‌ವರ್ಕ್) ಕೊಡುವ ಸ್ಪ್ರಿಂಗ್ ಬೂಟ್ ಮುಟ್ಟಲೇಬೇಡಿ. ಅದರ ಆನೊಟೇಶನ್‌ಗಳು ಹಿಂದೆ ನಡೆಯುವ ಕೆಲಸವನ್ನೆಲ್ಲ ಮುಚ್ಚಿಡುತ್ತವೆ. ಓಡುವವರೆಗೆ ಚೆನ್ನ, ನಿಂತ ದಿನ ಇನ್ನೂರು ಸಾಲಿನ ದೋಷ ವರದಿ (ಸ್ಟ್ಯಾಕ್ ಟ್ರೇಸ್) ಬರುತ್ತದೆ, ಅದರಲ್ಲಿ ನಿಮ್ಮ ಸಾಲು ಯಾವುದು ಎಂದೇ ತಿಳಿಯುವುದಿಲ್ಲ. ಕಲೆಕ್ಷನ್‌ಗಳು, ಎಕ್ಸೆಪ್ಶನ್, ಫೈಲ್, ಟೆಸ್ಟ್ ಬರೆಯುವ ಜೆಯೂನಿಟ್, ಪ್ರಾಜೆಕ್ಟ್ ಕಟ್ಟುವ ಮೇವನ್, ಡಿಬಗ್ಗರ್ ಮೊದಲು ಆಗಲಿ. ಈ ಹಂತದಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ: ಎರಡು ಇಂಟಿಜರ್ ಆಬ್ಜೆಕ್ಟ್‌ಗಳನ್ನು ಎರಡು ಸಮಚಿಹ್ನೆ ಹಾಕಿ ಹೋಲಿಸುವುದು. 127ರವರೆಗೆ ಸರಿ ಎನ್ನುತ್ತದೆ, 128ಕ್ಕೆ ತಪ್ಪು ಎನ್ನುತ್ತದೆ. ಮೈನಸ್ 128ರಿಂದ 127ರವರೆಗಿನ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು ಅವನ್ನೇ ಮತ್ತೆ ಮತ್ತೆ ಕೊಡುತ್ತದೆ, ಅದಕ್ಕೆ ಹಾಗೆ. ಸಮಚಿಹ್ನೆ ನೋಡುವುದು ಎರಡೂ ಒಂದೇ ಆಬ್ಜೆಕ್ಟೇ ಎಂದು. ಬೆಲೆ ಹೋಲಿಸಬೇಕಾದರೆ ಈಕ್ವಲ್ಸ್ ಬಳಸಬೇಕು.

ಪ್ರಾಜೆಕ್ಟ್ ಒಂದೇ ಇರಲಿ, ಅದನ್ನೇ ಎರಡು ವರ್ಷ ಬೆಳೆಸಿ. ಹಳ್ಳಿಯ ಹಾಲು ಉತ್ಪಾದಕರ ಸಂಘದ ಲೆಕ್ಕ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ: ಸದಸ್ಯರು, ಬೆಳಿಗ್ಗೆ ಸಂಜೆಯ ಲೀಟರ್, ಫ್ಯಾಟ್, ದರ, ಬಟವಾಡೆ. ಮೂರು ಟೇಬಲ್‌ನಲ್ಲಿ ಶುರುವಾಗುತ್ತದೆ, ಆದರೆ ನಿಜವಾದ ತೊಡಕುಗಳೆಲ್ಲ ಇದರಲ್ಲಿ ಎದುರಾಗುತ್ತವೆ. ಹಣವನ್ನು, ದಶಮಾಂಶವನ್ನು ಅಂದಾಜಿಗೆ ಇಡುವ ಡಬಲ್‌ನಲ್ಲಿ ಇಟ್ಟರೆ 0.1ಕ್ಕೆ 0.2 ಕೂಡಿಸಿದಾಗ 0.30000000000000004 ಬರುತ್ತದೆ, ತಿಂಗಳ ಕೊನೆಗೆ ಪೈಸೆ ತಾಳೆಯಾಗುವುದಿಲ್ಲ. ಪೈಸೆಯನ್ನು ಪೂರ್ಣಾಂಕವಾಗಿ ಇಡಿ, ಅಥವಾ ಬಿಗ್‌ಡೆಸಿಮಲ್ ಬಳಸಿ. "ಇವತ್ತು ಹಾಲು ಹಾಕದ ಸದಸ್ಯರು ಯಾರು?" ಎಂಬ ಪ್ರಶ್ನೆಗೆ ನಾಟ್ ಇನ್ ಬಳಸಿ ಕ್ವೆರಿ ಬರೆದರೆ, ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ (ಬೆಲೆ ತುಂಬದ ಖಾಲಿ ಜಾಗ) ಇದ್ದರೂ ಉತ್ತರ ಖಾಲಿ. ನಲ್ ಜೊತೆಗಿನ ಹೋಲಿಕೆ ಹೌದೂ ಅಲ್ಲ, ಇಲ್ಲವೂ ಅಲ್ಲ, ಹಾಗಾಗಿ ಯಾವ ಸಾಲೂ ಆಯ್ಕೆಯಾಗುವುದಿಲ್ಲ. ನಾಟ್ ಎಕ್ಸಿಸ್ಟ್ಸ್ ಬರೆದರೆ ಈ ತೊಂದರೆ ಇಲ್ಲ.

ಎರಡನೇ ವರ್ಷ ಜಾವಾ 120, ಎಸ್‌ಕ್ಯೂಎಲ್ 40, ಉಳಿದದ್ದಕ್ಕೆ 40. ಈಗ ಸ್ಪ್ರಿಂಗ್ ಬೂಟ್ ಬರಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಬರಲಿ. ಹತ್ತು ಲಕ್ಷ ಸಾಲು ನಕಲಿ ಡೇಟಾ ತುಂಬಿಸಿ, ನಿಧಾನವಾದ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಸ್ (ಡೇಟಾಬೇಸ್ ಕ್ವೆರಿಯನ್ನು ಹೇಗೆ ಓಡಿಸಿತು ಎಂದು ತೋರಿಸುವ ಆಜ್ಞೆ) ಹಾಕಿ ನೋಡಿ, ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಡುವ ಸೂಚಿ) ಹಾಕಿ ಮತ್ತೆ ನೋಡಿ. ಸಂದರ್ಶನದಲ್ಲಿ ಇಂಡೆಕ್ಸ್ ಬಗ್ಗೆ ಕೇಳಿದರೆ ಕಣ್ಣಾರೆ ಕಂಡದ್ದನ್ನೇ ಹೇಳಬಹುದು. ಇದೇ ವರ್ಷ, ಒಂದೇ ಪ್ರೋಗ್ರಾಂನಲ್ಲಿ ಹಲವು ಕೆಲಸ ಒಟ್ಟಿಗೆ ನಡೆಸುವ ಥ್ರೆಡ್‌ಗಳನ್ನು ಕಲಿಯಿರಿ. ಜಾವಾ 21ರಲ್ಲಿ ಬಂದ ವರ್ಚುವಲ್ ಥ್ರೆಡ್‌ಗಳೂ ಅದರಲ್ಲಿ ಸೇರಲಿ.

ಮೂರನೇ ವರ್ಷ ಸಿ ಗೆ 80 ಗಂಟೆ. ಪಾಸಾದ ಸಿ ಮತ್ತೆ ಯಾಕೆ? ಮೊದಲ ಸೆಮಿಸ್ಟರಿನಲ್ಲಿ ನಕ್ಷತ್ರದ ಪಿರಮಿಡ್ ಮುದ್ರಿಸಿ ಪಾಯಿಂಟರ್ ಅಧ್ಯಾಯಕ್ಕೆ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಟರ್ಬೊ ಸಿ ಬಳಸಿದ್ದರಂತೂ ಅದರ ಇಂಟ್ 16 ಬಿಟ್, 32767 ದಾಟಿದರೆ ಋಣ ಸಂಖ್ಯೆ; ಈಗಿನ ಯಂತ್ರಗಳಲ್ಲಿ ಹಾಗಿಲ್ಲ. ಲಿನಕ್ಸ್ ಮೇಲೆ ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್ ಹಾಕಿ, ಎಚ್ಚರಿಕೆಗಳನ್ನೆಲ್ಲ ತೋರಿಸು ಎಂದು ಹೇಳಿ, ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಜೊತೆ ಕಂಪೈಲ್ ಮಾಡಿ. ಎರಡು ವರ್ಷ, ಕೀ ಕೊಟ್ಟರೆ ಅದರ ಬೆಲೆ ಹುಡುಕಿಕೊಡುವ ಹ್ಯಾಶ್‌ಮ್ಯಾಪ್ ಬಳಸಿದ ಮೇಲೆ ಅದನ್ನೇ ಸಿ ಯಲ್ಲಿ ಕೈಯಾರೆ ಬರೆಯಿರಿ: ಬಕೆಟ್, ಡಿಕ್ಕಿ, ತುಂಬಿದಾಗ ದೊಡ್ಡದು ಮಾಡುವುದು, ಕೊನೆಗೆ ಮೆಮೊರಿ ಬಿಟ್ಟುಕೊಡುವುದು. ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದ ಸಾಲನ್ನು ಸ್ಯಾನಿಟೈಸರ್ ಬೆರಳಿಟ್ಟು ತೋರಿಸುತ್ತದೆ. ಅಂಥ ನಾಲ್ಕು ತಪ್ಪು ಸರಿಮಾಡಿದವರಿಗೆ ಜಾವಾದಲ್ಲಿ ಮೆಮೊರಿಯನ್ನು ತಾನಾಗಿ ಬಿಟ್ಟುಕೊಡುವ ಗಾರ್ಬೇಜ್ ಕಲೆಕ್ಟರ್ ಏನು ಮಾಡುತ್ತದೆ, ಅದಕ್ಕೆ ಏನು ಖರ್ಚು ಎಂದು ಬೇರೆಯಾಗಿ ಹೇಳಬೇಕಿಲ್ಲ.

ನಾಲ್ಕನೇ ವರ್ಷ ಸಿ ಗೆ ಉಳಿದ 40 ಗಂಟೆಯನ್ನು ರಸ್ಟ್‌ಗೆ ತಿರುಗಿಸಬಹುದು. 2022ರ ಡಿಸೆಂಬರಿನ ಲಿನಕ್ಸ್ ಕರ್ನಲ್ 6.1ರಿಂದ ಅದರಲ್ಲಿ ರಸ್ಟ್‌ಗೆ ಜಾಗ ಸಿಕ್ಕಿದೆ. ಆದರೆ ಸಿ ಯಲ್ಲಿ ಕೈ ಸುಟ್ಟುಕೊಳ್ಳದೆ ರಸ್ಟ್‌ಗೆ ಹೋದವರು ಬಾರೋ ಚೆಕರ್ (ಮೆಮೊರಿ ಬಳಕೆ ಸುರಕ್ಷಿತವೇ ಎಂದು ಕಂಪೈಲ್ ಮಾಡುವಾಗ ನೋಡುವ ರಸ್ಟ್‌ನ ಭಾಗ) ಹೇಳುವುದನ್ನು ಸುಮ್ಮನೆ ಕಿರಿಕಿರಿ ಎಂದುಕೊಂಡು ಎಲ್ಲ ಕಡೆ ಕ್ಲೋನ್ (ನಕಲು) ಹಾಕಿ ತಪ್ಪಿಸಿಕೊಳ್ಳುತ್ತಾರೆ. ಕ್ರಮ ಬದಲಿಸಬೇಡಿ.

ಅದೇ ವರ್ಷದ 80 ಗಂಟೆ ಯೋಚನೆ ಬದಲಿಸುವ ಭಾಷೆಗೆ. ಬ್ಯಾಕೆಂಡಿನವರಿಗೆ ಎಲಿಕ್ಸಿರ್ ಒಳ್ಳೆಯದು. ಅದು ಓಡುವುದು ಎರಿಕ್ಸನ್ ಕಂಪನಿ 1980ರ ದಶಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಕಟ್ಟಲು ಶುರುಮಾಡಿದ ಎರ್ಲ್ಯಾಂಗ್ ವ್ಯವಸ್ಥೆಯ ಮೇಲೆ. ಲಕ್ಷಗಟ್ಟಲೆ ಚಿಕ್ಕ ಪ್ರೊಸೆಸ್‌ಗಳು, ಒಂದು ಬಿದ್ದರೆ ಅದನ್ನು ಮತ್ತೆ ಎಬ್ಬಿಸುವ ಮೇಲ್ವಿಚಾರಕ ಪ್ರೊಸೆಸ್. ಟೈಪ್‌ಗಳ ಶಕ್ತಿ ನೋಡಬೇಕಾದವರು ಒಕ್ಯಾಮಲ್ ಅಥವಾ ಹ್ಯಾಸ್ಕೆಲ್, ಭಾಷೆಗಳು ಒಳಗೆ ಹೇಗಿರುತ್ತವೆ ಎಂಬ ಕುತೂಹಲ ಇರುವವರು ಸ್ಕೀಮ್ ಹಿಡಿಯಲಿ. ಯಾವುದಾದರೂ ಸರಿ, ಕೊನೆಗೆ ಕೂಡು ಕಳೆ ಗುಣಿಸು, ವೇರಿಯಬಲ್, ಫಂಕ್ಷನ್ ಇರುವ ಪುಟ್ಟ ಭಾಷೆಯೊಂದಕ್ಕೆ ಇಂಟರ್‌ಪ್ರಿಟರ್ ಬರೆಯಿರಿ. ಇದರಿಂದ ನೇರವಾಗಿ ಕೆಲಸ ಸಿಗುವುದು ಅಪರೂಪ. ಇದನ್ನು ಮಾಡಿದವರ ಜಾವಾ ಕೋಡ್ ಮಾತ್ರ ಚೊಕ್ಕವಾಗುತ್ತದೆ.

ಬೇರೆ ದಾರಿಯವರಿಗೆ ಚುಟುಕಾಗಿ: ಐದಾರು ವರ್ಷ ಮ್ಯಾನುವಲ್ ಟೆಸ್ಟಿಂಗ್ ಮಾಡಿ ಡೇಟಾ ಕಡೆ ಹೋಗಬೇಕೆನ್ನುವವರು ಪೈಥಾನ್‌ಗಿಂತ ಮೊದಲು ಎಸ್‌ಕ್ಯೂಎಲ್‌ನ 100 ಗಂಟೆ ಮುಗಿಸಲಿ, ವಿಂಡೋ ಫಂಕ್ಷನ್‌ವರೆಗೆ. ಎಂಬೆಡೆಡ್ (ಯಂತ್ರಗಳೊಳಗಿನ ಚಿಪ್‌ಗೆ ಕೋಡ್ ಬರೆಯುವ) ಕಡೆಯವರಿಗೆ ಸಿ ಯೇ ಕೆಲಸದ ಭಾಷೆ, ಪೈಥಾನ್ ಟೆಸ್ಟ್ ಸ್ಕ್ರಿಪ್ಟಿಗೆ 60 ಗಂಟೆ ಸಾಕು.

ಹೊಸ ಭಾಷೆಯ ಮೊದಲ ಹತ್ತು ಗಂಟೆ: ಕನ್ನಡ ಫೈಲ್ ಎಣಿಸಿ

ಪ್ರತಿ ಹೊಸ ಭಾಷೆಯಲ್ಲೂ ಒಂದೇ ಪ್ರೋಗ್ರಾಂ ಬರೆದರೆ ವ್ಯತ್ಯಾಸ ಎಲ್ಲಿದೆ ಎಂದು ಬೇಗ ಕಾಣುತ್ತದೆ. ನಮ್ಮ ಆಯ್ಕೆ ಪದ ಎಣಿಕೆ, ಅದೂ ಕನ್ನಡ ಪಠ್ಯದಲ್ಲಿ. ಕನ್ನಡ ವಿಕಿಪೀಡಿಯದ ಪಠ್ಯವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. 50 ಎಂಬಿಯಷ್ಟು ಕತ್ತರಿಸಿಕೊಂಡು, ಹೆಚ್ಚು ಬಾರಿ ಬಂದ 20 ಪದಗಳನ್ನು ಮುದ್ರಿಸಿ. ಇಂಗ್ಲಿಷ್ ಪಠ್ಯದಲ್ಲಿ ಇದು ಹದಿನೈದು ಸಾಲಿನ ಕೆಲಸ, ಕನ್ನಡದಲ್ಲಿ ಭಾಷೆಯ ಒಳಗೆಲ್ಲ ಇಣುಕಿ ನೋಡಬೇಕಾಗುತ್ತದೆ.

ಶುರುವಿಗೆ "ಕನ್ನಡ" ಎಂಬ ಪದದ ಉದ್ದ ಕೇಳಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ 5 ಎನ್ನುತ್ತವೆ: ಕ, ನ, ವಿರಾಮ (ನ ವನ್ನು ನ್ ಮಾಡುವ ಚಿಹ್ನೆ), ನ, ಡ. ಸಿ, ಗೋ, ರಸ್ಟ್ 15 ಎನ್ನುತ್ತವೆ, ಅವು ಬೈಟ್ ಎಣಿಸುತ್ತವೆ; ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ (ಯೂನಿಕೋಡ್ ಪಟ್ಟಿಯಲ್ಲಿ ಒಂದು ಅಕ್ಷರಕ್ಕೋ ಚಿಹ್ನೆಗೋ ಇರುವ ಸಂಖ್ಯೆಗೂ) ಮೂರು ಬೈಟ್. ರಸ್ಟ್‌ನಲ್ಲಿ ಸ್ಟ್ರಿಂಗಿನ ಮೊದಲ ನಾಲ್ಕು ಬೈಟ್ ಕತ್ತರಿಸಿದರೆ ಪ್ರೋಗ್ರಾಂ ಅಲ್ಲೇ ಪ್ಯಾನಿಕ್ ಆಗಿ ನಿಲ್ಲುತ್ತದೆ, ಯಾಕೆಂದರೆ ನಾಲ್ಕನೇ ಬೈಟ್ ಒಂದು ಕೋಡ್ ಪಾಯಿಂಟಿನ ನಡುವೆ ಬಿತ್ತು. ಗೋ ಸುಮ್ಮನೆ ಕತ್ತರಿಸಿ ಕೊಡುತ್ತದೆ, ಪರದೆ ಮೇಲೆ ಪ್ರಶ್ನೆ ಚಿಹ್ನೆಯ ಚೌಕ ಕಾಣುತ್ತದೆ. ಯಾವ ಭಾಷೆ ತಪ್ಪನ್ನು ಕೂಡಲೇ ಹೇಳುತ್ತದೆ, ಯಾವುದು ಮುಂದಕ್ಕೆ ಸಾಗಹಾಕುತ್ತದೆ ಎಂಬುದು ಈ ಒಂದು ಸಾಲಿನಲ್ಲೇ ಸಿಕ್ಕಿತು.

ಮುಂದೆ ಪದಗಳನ್ನು ಬಿಡಿಸುವುದು. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಪದದ ಅಕ್ಷರ ಎಂದು ಎಲ್ಲರೂ ಬಳಸುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಹಾಕಿದರೆ ಪೈಥಾನ್ "ಕನ್ನಡ"ವನ್ನು "ಕನ" ಮತ್ತು "ನಡ" ಎಂದು ಎರಡು ಪದ ಮಾಡುತ್ತದೆ. ಅದರ ಲೆಕ್ಕದಲ್ಲಿ ವಿರಾಮ ಮತ್ತು ಸ್ವರ ಚಿಹ್ನೆಗಳು ಅಕ್ಷರಗಳಲ್ಲ. ಜಾವಾಸ್ಕ್ರಿಪ್ಟ್ ಮತ್ತು ಗೋ ಗಳಲ್ಲಿ ಅದೇ ಚಿಹ್ನೆಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಷ್ಟೇ ಸಿಗುತ್ತವೆ, ಕನ್ನಡದ ಒಂದು ಪದವೂ ಬರುವುದಿಲ್ಲ. ಜಾವಾದಲ್ಲೂ ಯೂನಿಕೋಡ್ ಆಯ್ಕೆ ಹಾಕದಿದ್ದರೆ ಹಾಗೇ. ಯೂನಿಕೋಡಿನ ಅಕ್ಷರ ವರ್ಗ ಮತ್ತು ಚಿಹ್ನೆ ವರ್ಗ ಎರಡನ್ನೂ ಹೆಸರಿಸಿ ಹುಡುಕಿದರೆ ಸರಿಯಾಗುತ್ತದೆ. ಪೈಥಾನಿನ ಜೊತೆಗೆ ಬರುವ ಆರ್‌ಇ ಮಾಡ್ಯೂಲಿಗೆ ಆ ವರ್ಗಗಳು ಗೊತ್ತಿಲ್ಲ, ರೆಜೆಕ್ಸ್ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅಲ್ಲಿಗೆ ಪ್ಯಾಕೇಜ್ ಮ್ಯಾನೇಜರ್, ವರ್ಚುವಲ್ ಎನ್ವಿರಾನ್ಮೆಂಟ್ ಪಾಠವೂ ಆಯಿತು.

ಇಷ್ಟಾದರೂ ಒಂದೇ ಪದ ಎರಡು ಬಾರಿ, ಬೇರೆ ಬೇರೆ ಎಣಿಕೆಯೊಂದಿಗೆ ಕಾಣಿಸಿಕೊಳ್ಳಬಹುದು. "ಕೊ" ಅಕ್ಷರದ ಒತ್ವ ಒಂದೇ ಕೋಡ್ ಪಾಯಿಂಟ್ ಆಗಿರಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳು ಸೇರಿ ಎರಡಾಗಿಯೂ ಇರಬಹುದು. ನೋಡಲು ಒಂದೇ, ಹ್ಯಾಶ್‌ಮ್ಯಾಪಿಗೆ ಬೇರೆ ಬೇರೆ. ಎಣಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ ನಾರ್ಮಲೈಸ್ ಮಾಡಬೇಕು, ಅಂದರೆ ಎರಡೂ ಬಗೆಯನ್ನು ಒಂದೇ ಬರಹಕ್ಕೆ ತರಬೇಕು. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲಿ ಇದು ಭಾಷೆಯ ಜೊತೆಗೇ ಬರುತ್ತದೆ. ರಸ್ಟ್ ಮತ್ತು ಗೋ ಗಳಿಗೆ ಹೊರಗಿನ ಪ್ಯಾಕೇಜ್ ಬೇಕು. ಸಿ ಯವರು ಐಸಿಯು ಎಂಬ ಯೂನಿಕೋಡ್ ಲೈಬ್ರರಿ ಜೋಡಿಸಿಕೊಳ್ಳಬೇಕು. ಇದರ ಜೊತೆಗೆ ಒತ್ತಕ್ಷರ ಆಗದಂತೆ ತಡೆಯಲು ಟೈಪ್ ಮಾಡುವ, ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ, ಹೆಸರು ಜೀರೋ ವಿಡ್ತ್ ನಾನ್ ಜಾಯಿನರ್. "ಬಸ್‌ನಲ್ಲಿ" ಎಂಬಲ್ಲಿ ಸ್ ನಂತರ ಬರುವುದು ಅದೇ. ಅದನ್ನು ಪದದ ಭಾಗವೆಂದು ಹೇಳದಿದ್ದರೆ ಪದ ಅಲ್ಲೇ ತುಂಡಾಗುತ್ತದೆ.

ವಿಂಡೋಸ್ ಬಳಸುವವರಿಗೆ ಒಂದು ಸೂಚನೆ. ಜಾವಾ 18ರಿಂದ ಫೈಲ್‌ಗಳ ಡೀಫಾಲ್ಟ್ ಎನ್‌ಕೋಡಿಂಗ್ ಯುಟಿಎಫ್ 8 ಆಗಿದೆ, ಅದಕ್ಕಿಂತ ಹಳೆಯದರಲ್ಲಿ ಎನ್‌ಕೋಡಿಂಗ್ ಹೇಳದೆ ತೆರೆದರೆ ಕನ್ನಡ ಕಲಸುಮೇಲೋಗರ. ಪೈಥಾನಿನಲ್ಲೂ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಬರೆದೇ ತೆರೆಯುವ ಅಭ್ಯಾಸ ಮಾಡಿಕೊಳ್ಳಿ.

ಬೆಂಗಳೂರಿನಲ್ಲಿ ಕುಳಿತು ಬರೆಯುವ ಸಾಫ್ಟ್‌ವೇರಿನಲ್ಲೇ ಕನ್ನಡ ಹೆಸರು ಅರ್ಧಕ್ಕೆ ಕತ್ತರಿಸಿಹೋಗುವುದನ್ನು ನಾವು ರಸೀದಿಗಳಲ್ಲಿ, ಎಸ್‌ಎಂಎಸ್‌ಗಳಲ್ಲಿ ನೋಡುತ್ತಲೇ ಇರುತ್ತೇವೆ. ಈ ಹತ್ತು ಗಂಟೆ ಕಳೆದವರು ಅಂಥ ಕೋಡ್ ಬರೆಯುವುದಿಲ್ಲ.

ಎಐ ಕೋಡ್ ಬರೆದುಕೊಡುವಾಗ

ಹೊಸ ಭಾಷೆಯ ಮೊದಲ 60 ಗಂಟೆ ಎಡಿಟರಿನ ಎಐ ಸಲಹೆಯನ್ನು ಪೂರ್ತಿ ಆಫ್ ಮಾಡಿಡಿ. ಮುಂದಿನ ಸಾಲು ತಾನಾಗಿ ಬಂದರೆ ನೆನಪಿನಿಂದ ಎಳೆದು ತರುವ ಶ್ರಮ ತಪ್ಪುತ್ತದೆ, ಆ ಶ್ರಮದಲ್ಲೇ ಕಲಿಕೆ ಇರುವುದು. ಆಮೇಲೆ ಬೇಕಾದಷ್ಟು ಬಳಸಿ, ಆದರೆ ಬಂದ ಕೋಡಿಗೆ ಟೆಸ್ಟ್ ನೀವೇ ಬರೆಯಿರಿ. ಮೇಲಿನ ಪದ ಎಣಿಕೆಯನ್ನು ಎಐಗೆ ಕೊಟ್ಟು, ನಾರ್ಮಲೈಸೇಶನ್ ಮತ್ತು ಕಾಣದ ಚಿಹ್ನೆ ಎರಡನ್ನೂ ಗಮನಿಸಿತೇ ಎಂದು ಪರೀಕ್ಷಿಸಿ ನೋಡಿ. ಬಿಟ್ಟದ್ದನ್ನು ಹಿಡಿಯುವ ಶಕ್ತಿ ನಿಮಗೆ ಬಂದಿದ್ದರೆ ಉಪಕರಣ ನಿಮ್ಮ ಕೈಯಲ್ಲಿದೆ.

ಎಲ್ಲಿ ಕೆಡುತ್ತದೆ

ಮೂರನೇ ಅಥವಾ ನಾಲ್ಕನೇ ವಾರ. ಹೊಸದರ ಹುರುಪು ಇಳಿದಿರುತ್ತದೆ, ಸ್ವಂತವಾಗಿ ಏನೂ ಬರೆಯಲಾಗದೆ ಬೇಸರ ಬರುತ್ತದೆ, ಆಗ ಇನ್ನೊಂದು ಭಾಷೆ ಸುಲಭವಿದ್ದೀತು ಅನ್ನಿಸುತ್ತದೆ. ಅಲ್ಲಿಗೆ ಹೋದರೂ ನಾಲ್ಕನೇ ವಾರಕ್ಕೆ ಇದೇ ಗೋಡೆ. ಇದಕ್ಕೆ ಮದ್ದು ವಿಡಿಯೊ ನಿಲ್ಲಿಸಿ 100 ಸಾಲಿನ ಯಾವುದಾದರೂ ಪ್ರೋಗ್ರಾಂ ಮುಗಿಸುವುದು. ನೋಡುವ ಒಂದು ಗಂಟೆಗೆ ಬರೆಯುವ ಎರಡು ಗಂಟೆ ಎಂಬ ಲೆಕ್ಕ ಇಟ್ಟುಕೊಳ್ಳಿ.

ಒಂದೇ ತರಹದ ಎರಡು ಭಾಷೆ ಒಟ್ಟಿಗೆ ಕಲಿಯುವುದೂ ಸಮಯ ತಿನ್ನುತ್ತದೆ: ಜಾವಾ ಬಂದವರಿಗೆ ಸಿ ಶಾರ್ಪ್, ಪೈಥಾನ್ ಬಂದವರಿಗೆ ರೂಬಿ ಹೊಸದೇನನ್ನೂ ಹೆಚ್ಚಾಗಿ ಕಲಿಸುವುದಿಲ್ಲ. ಕೆಲಸ ಕೇಳಿದರೆ ಮೂರು ವಾರದಲ್ಲಿ ಕಲಿಯಬಹುದು, ಯೋಜನೆಯಲ್ಲಿ ಜಾಗ ಬೇಡ. ಫ್ರೇಮ್‌ವರ್ಕನ್ನೇ ಭಾಷೆ ಎಂದುಕೊಳ್ಳುವುದು ಇನ್ನೊಂದು. ರಿಯಾಕ್ಟ್ ಮಾತ್ರ ಕಲಿತವರು ಜಾವಾಸ್ಕ್ರಿಪ್ಟಿನ ಪ್ರಾಮಿಸ್ (ತಡವಾಗಿ ಬರುವ ಉತ್ತರಕ್ಕೆ ಕಾಯುವ ವಿಧಾನ) ಎದುರಾದ ಕೂಡಲೇ ನಿಲ್ಲುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಎರರ್ ಮೆಸೇಜ್ ಓದುವುದೇ ಮೊದಲ ತಡೆ. ಅವುಗಳಲ್ಲಿ ಬರುವ ಇಂಗ್ಲಿಷ್ ಸೀಮಿತ. ಎದುರಾದ ಪ್ರತಿ ಎರರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಕಾರಣ ಮತ್ತು ಸರಿಪಡಿಸಿದ ಸಾಲು ಬರೆಯಿರಿ. ಅರವತ್ತು ಎಪ್ಪತ್ತು ನಮೂದು ಆಗುವಷ್ಟರಲ್ಲಿ ಹೊಸದು ಬರುವುದು ಅಪರೂಪವಾಗುತ್ತದೆ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಸಿಗುತ್ತವೆ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪಾಠ ಮುಗಿಸಿ, ಅದೇ ವಾರ ಕೋಡ್ ಬರೆದರಷ್ಟೇ ಅದು ನಿಲ್ಲುತ್ತದೆ.

ಆರು ತಿಂಗಳಿಗೊಮ್ಮೆ

ಜನವರಿ ಮತ್ತು ಜುಲೈನಲ್ಲಿ ಒಂದೊಂದು ಸಂಜೆ ಇಡಿ. 40 ಜಾಹೀರಾತು ಮತ್ತೆ ಎಣಿಸಿ, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಕಡ್ಡಾಯದ ಕಾಲಂನಲ್ಲಿ ನಿಮ್ಮ ಭಾಷೆ ಎರಡು ಬಾರಿ ಸತತವಾಗಿ ಅರ್ಧಕ್ಕಿಂತ ಕೆಳಗೆ ಇಳಿದರೆ ಮಾತ್ರ ಬದಲಿಸುವ ಯೋಚನೆ ಮಾಡಿ. ಒಂದು ಬಾರಿ ಇಳಿಯುವುದು ನೇಮಕಾತಿಯ ಏರಿಳಿತ ಇರಬಹುದು. ಬಳಸದ ಭಾಷೆಗೆ ಎರಡು ತಿಂಗಳಿಗೊಮ್ಮೆ ಎರಡು ಗಂಟೆ ಕೊಟ್ಟು, ಪದ ಎಣಿಕೆಯನ್ನು ನೆನಪಿನಿಂದ ಮತ್ತೆ ಬರೆಯಿರಿ. ಯಾವುದಾದರೂ ಭಾಷೆಗೆ 30 ಗಂಟೆ ಕೊಟ್ಟ ಮೇಲೂ ಅದು ಹಿಡಿಸದೆ, ಎಣಿಕೆಯಲ್ಲೂ ಕಾಣದಿದ್ದರೆ ಹಾಳೆಯಿಂದ ಹೊಡೆದುಹಾಕಿ, ಉಳಿದ ಗಂಟೆಗಳನ್ನು ಕೆಲಸದ ಭಾಷೆಯ ಲೆಕ್ಕಕ್ಕೆ ಸೇರಿಸಿ.